ಅಳಿಸಿದ ನೀಲಿ

ಗೋಡೆಯಗಲದ ಪರದೆಯ ಮೇಲೆ ಇಡೀ ಜಿಲ್ಲೆಯ ಅಂತರ್ಜಲ ಅಲುಗಾಡುತ್ತಿತ್ತು. ಎಲ್ಲೋ ಒಂದು ಪಂಪು ಶುರುವಾದರೆ ಅಲ್ಲಿನ ನೀಲಿ ತುಸು ತೆಳುವಾಗುತ್ತಿತ್ತು. ಪಂಪು ನಿಂತರೆ ಮೆಲ್ಲಗೆ ತುಂಬಿಕೊಳ್ಳುತ್ತಿತ್ತು. ಬಂಡೆ, ಇಳಿಜಾರು, ಮಳೆ, ಕೊಳವೆಬಾವಿ, ಬೋರ್ ಲಾರಿಗಳ ಓಡಾಟ ಹೀಗೆ ಒಂದೊಂದರ ನಕ್ಷೆಯನ್ನೂ ಪದರದ ಮೇಲೆ ಪದರವಾಗಿ ಹಾಸಿ, ನೆಲದೊಳಗಿನ ನೀರನ್ನು ಕಣ್ಣಿಗೆ ಕಾಣಿಸುವ ಈ 'ಜಲದರ್ಶಿ'ಯನ್ನು ಕಟ್ಟಿದವಳು ಡಾ. ಇಂದುಮತಿ. ಯಾರು ಬೇಕಾದರೂ ಅದನ್ನು ಫೋನಿನಲ್ಲೇ ನೋಡಬಹುದಿತ್ತು. ನೀರು ಕಂಡರೆ ಜನ ಜೋಪಾನ ಮಾಡುತ್ತಾರೆಂದು ಅವಳು ನಂಬಿದ್ದಳು, ಪಾಪ.

ನಡೆದದ್ದೇ ಬೇರೆ. ನೀಲಿ ಕಂಡಲ್ಲಿಗೆಲ್ಲ ಬೋರ್ ಲಾರಿಗಳು ಮುತ್ತಿಕೊಂಡವು. ಮುದ್ದನಗುಡ್ಡದ ನೀಲಿ ಒಂದೇ ಬೇಸಿಗೆಯಲ್ಲಿ ಮಾಯವಾಯಿತು. ಹೆದರಿದ ಇಂದುಮತಿ ಒಂದು ಕಳ್ಳಕೆಲಸ ಮಾಡಿದಳು. ಕೆಮ್ಮರಡಿ ಊರಿನಡಿಯ ದೊಡ್ಡ ಸೆಲೆಯನ್ನಾದರೂ ಉಳಿಸೋಣವೆಂದು ಬಂಡೆಯ ಪದರವನ್ನು ತಿದ್ದಿ, ಅಲ್ಲಿ ನೀರೇ ಇಲ್ಲವೆಂದು ತೋರಿಸಿಬಿಟ್ಟಳು. ಅಂದಿನಿಂದ ಅವಳಿಗೆ ಕೂತರೂ ಸಮಾಧಾನವಿಲ್ಲ, ನಿಂತರೂ ಸಮಾಧಾನವಿಲ್ಲ.

ಈ ದಿನ ಕೆಮ್ಮರಡಿಯ ಪಂಚಾಯ್ತಿ ಅಧ್ಯಕ್ಷೆ ಫಕೀರವ್ವ ನೇರ ಅವಳ ಕೋಣೆಗೇ ನುಗ್ಗಿದಳು.

"ಮೇಡಮ್ಮಾರ, ನಮ್ಮೂರಾಗ ನೀರಿಲ್ಲಂತ, ಊರು ಖಾಲಿ ಮಾಡ್ರಿ ಅಂತ ಆರ್ಡರ್ ಬಂದೈತ್ರಿ. ನಿಮ್ಮ ನಕ್ಷಾ ನೋಡಿ ಬರದಾರಂತ. ನಮ್ಮ ಬಾವ್ಯಾಗ ಕೊಡ ಮುಳುಗತೈತಿ, ಒಬ್ರೂ ಬಂದು ಇಣುಕಿ ನೋಡವಲ್ರು!"

ನಕ್ಷೆ ನೋಡಿ ಊರನ್ನೇ ಎಬ್ಬಿಸಬಹುದೆಂಬುದು ಇಂದುಮತಿಗೆ ಹೊಳೆದಿರಲೇ ಇಲ್ಲ. ಮಾಡಿದ್ದನ್ನು ಒಪ್ಪಿಕೊಂಡಳು. "ತೋರಿಸಿದರೆ ಲಾರಿಗಳು ಬರ್ತಾವೆ, ಫಕೀರವ್ವಾರೇ. ಮುದ್ದನಗುಡ್ಡದ ಗತಿ ನೋಡಿದಿರಲ್ಲ?"

ಫಕೀರವ್ವ ಕೆಂಡವಾದಳು. "ಬರ್ಲಿ! ಅಡ್ಡ ನಿಲ್ಲಾಕ ಊರಾಗ ಮಂದಿ ಇರಬೇಕಲ್ರಿ? ನಮ್ಮನ್ನ ಕಳಿಸಿಬಿಟ್ರ ಆ ನೀರಿಗೆ ಯಾರು ದಿಕ್ಕು?" ಆಮೇಲೆ ದನಿ ತಗ್ಗಿಸಿದಳು. "ಮುದ್ದನಗುಡ್ಡದವರು ತಾವ ಬೋರ್ ಕೊರಸಿ ನೀರು ಮಾರಿದ್ರು. ನಮ್ಮೂರವರು ಹಂಗ ಮಾಡಂಗಿಲ್ಲಂತ ನಾ ಆಣಿ ಮಾಡಂಗಿಲ್ಲರಿ. ಆದ್ರ ನಮ್ಮನ್ನ ಒಂದ್ ಮಾತು ಕೇಳಬೇಕಿತ್ತು."

ಇಂದುಮತಿ ಬಂಡೆಯ ಪದರವನ್ನು ಮೊದಲಿನಂತೆ ಮಾಡಿದಳು. ಕೆಮ್ಮರಡಿಯ ಕೆಳಗೆ ನೀಲಿ ಹರಡಿಕೊಂಡಿತು. ಪರದೆಯ ಹೆದ್ದಾರಿಯ ಮೇಲೆ ಹಳದಿ ಚುಕ್ಕಿಗಳಾಗಿ ಸಾಗುತ್ತಿದ್ದ ಬೋರ್ ಲಾರಿಗಳಲ್ಲಿ ಎರಡು ನಿಂತವು, ಆಮೇಲೆ ಕೆಮ್ಮರಡಿಯ ಕಡೆಗೆ ತಿರುಗಿದವು.

"ಬಸ್ಸು ಯಾವಾಗೈತೋ ಏನೋ," ಎನ್ನುತ್ತ ಫಕೀರವ್ವ ಎದ್ದಳು.

"ಬಸ್ಸು ಬೇಡ, ನಡೀರಿ. ಲಾರಿಗಳಿಗಿಂತ ಮೊದಲೇ ಊರು ಸೇರಬೇಕು, ನನ್ನ ಕಾರಲ್ಲೇ ಹೋಗೋಣ."

ಬಾಗಿಲಲ್ಲಿ ಇಂದುಮತಿ ಒಮ್ಮೆ ಹಿಂತಿರುಗಿ ನೋಡಿದಳು. ಪರದೆಯ ಹಳೆಯ ಪದರವೊಂದರಲ್ಲಿ ಅವಳ ಅಜ್ಜನ ಕಾಲದ ಬತ್ತಿದ ಬೋರುಗಳು ಕಪ್ಪು ಚುಕ್ಕಿಗಳಾಗಿ ಕಿಕ್ಕಿರಿದಿದ್ದವು. ಆಗ ಜಲದರ್ಶಿ ಇರಲಿಲ್ಲ, ಪಾಪ, ಕಾಣದೆ ಕೊರೆದರು ಎಂದು ಇಷ್ಟು ದಿನ ಆ ಕಾಲದವರನ್ನು ಕ್ಷಮಿಸಿದ್ದಳು. ಈಗ ಅನುಮಾನ ಬಂತು. ತಾವು ಬೋರು ಹಾಕಿಸಿದ ಮೇಲೆ ಪಕ್ಕದ ಮನೆಯ ಬಾವಿ ಬತ್ತಿದ್ದು ಅವರಿಗೂ ಕಂಡಿರಲೇಬೇಕಲ್ಲ. ಅಷ್ಟು ನೋಡಲು ಯಾವ ಯಂತ್ರ ಬೇಕಿತ್ತು?