ಹೂಗಳ್ಳಿಯ ಉಪವಾಸ

“ಸಾಕ್ರೀ, ನನಗ ನೀರು ಸಾಕು!” ಎಂದಿತು ಕಳ್ಳಿ.

ಕುಷ್ಟಗಿಯ ಬಯಲುತೋಟದಲ್ಲಿ ನೆರೆದಿದ್ದವರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ವಿಜ್ಞಾನಿ ಭಾರ್ಗವಿಯ ಕಾಲು ನೆಲದ ಮೇಲೆ ನಿಲ್ಲಲೊಲ್ಲದು. ಅವಳ ‘ಸಸ್ಯವಾಣಿ’ ಕಡೆಗೂ ಬಾಯಿ ಬಿಟ್ಟಿತ್ತು. ಕಾಂಡಕ್ಕೆ ಅಂಟಿಸಿದ ಗುಂಡಿಯಷ್ಟು ಪುಟ್ಟ ಯಂತ್ರ ಗಿಡದೊಳಗಿನ ರಸದ ಒತ್ತಡವನ್ನು ಅಳೆಯುತ್ತದೆ. ಬಾಯಾರಿಕೆಯೋ ತೃಪ್ತಿಯೋ ಎಂದು ತಿಳಿದು, ಅದನ್ನು ಊರವರ ಮಾತಿನಲ್ಲೇ ಹೇಳುತ್ತದೆ. ಆ ಸೀಮೆಯ ಹೂಗಳ್ಳಿಗಳಲ್ಲಿ ಉಳಿದಿದ್ದುದು ಇದೊಂದೇ ಗಿಡ. ಬೇರು ಒಣಗಿದ್ದರೆ ಮಾತ್ರ ಹೂ ಬಿಡುವ ಜಾತಿ. ಹೂ ಬಿಟ್ಟರೆ ಬೀಜ, ಇಲ್ಲವಾದರೆ ವಂಶವೇ ಮುಗಿಯಿತು.

ಆದರೆ ವಾರ ಕಳೆಯುವಷ್ಟರಲ್ಲಿ ಬುಡ ಮೆತ್ತಗಾಗತೊಡಗಿತು. ಭಾರ್ಗವಿ ಮರೆಯಲ್ಲಿ ನಿಂತು ನೋಡಿದರೆ, ಪಕ್ಕದ ಓಣಿಯ ಗುರುಬಸವ್ವ ತಂಬಿಗೆ ಬಗ್ಗಿಸುತ್ತಿದ್ದಾಳೆ!

“ಅಮ್ಮಾ, ಅದು ಸಾಕು ಅಂತಿದೆಯಲ್ಲ!”

“ಸಾಕು ಅಂದಕೂಡ್ಲೇ ಬಿಡಾಕ ಬರ್ತದೇನ್ರೀ? ಪಾಪ, ಸಂಕೋಚ ಮಾಡ್ಕೊಂತದ. ನಾವ ಒತ್ತಾಯ ಮಾಡಿ ಕುಡಿಸ್ಬೇಕು.”

ಭಾರ್ಗವಿ ಯಂತ್ರಕ್ಕೆ “ಖಂಡಿತ ಬ್ಯಾಡ್ರಿ” ಎಂದು ಹೇಳಿಕೊಟ್ಟಳು. ಉಪಚಾರ ಇಮ್ಮಡಿಯಾಯಿತು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಆಗ ಹೊಳೆಯಿತು ನೋಡಿ ಉಪಾಯ! ಮರುದಿನ ಗುರುಬಸವ್ವ ತಂಬಿಗೆ ಹಿಡಿದು ಬಂದಾಗ ಕಳ್ಳಿ ಮೆಲ್ಲಗೆ ಹೇಳಿತು: “ನನ್ನದು ಉಪಾಸ ಐತ್ರೀ.”

ಗುರುಬಸವ್ವ ನಾಲಿಗೆ ಕಚ್ಚಿಕೊಂಡು, ಕೈಮುಗಿದು ಹಿಂದೆ ಸರಿದಳು. ಆಮೇಲೆ ಒಬ್ಬರಾದರೂ ತೊಟ್ಟು ನೀರು ಹಾಕಿದ್ದರೆ ಕೇಳಿ. ಬುಡ ಗಟ್ಟಿಯಾಯಿತು, ಮೊಗ್ಗು ಮೂಡಿತು. ಭಾರ್ಗವಿ ಊಟದ ಪರಿವೆಯಿಲ್ಲದೆ ಅದರ ಮುಂದೆಯೇ ಬಿದ್ದುಕೊಂಡಳು. ಒಂದು ಬೆಳಿಗ್ಗೆ ಬೊಗಸೆಯಗಲದ ಕೆಂಪು ಹೂ ಅರಳಿತು! ಅವಳು ಕಿರುಚಿದಳು, ಕುಣಿದಳು, ಬೇಲಿಗೆ ಸೆರಗು ಸಿಕ್ಕಿ ಹರಿದರೂ ಕುಣಿದಳು.

ಆ ಕೂಗಿಗೆ ಓಣಿಗೆ ಓಣಿಯೇ ತಂಬಿಗೆ ಹಿಡಿದು ಓಡಿ ಬಂತು. “ಹೂವು ಅರಳ್ತು! ಉಪಾಸ ಬಿಡಸ್ಬೇಕು!”

ಭಾರ್ಗವಿ ಗಿಡಕ್ಕೆ ಅಡ್ಡ ನಿಂತು ತೋಳು ಚಾಚಿದಳು. “ನಿಮ್ಮ ದಮ್ಮಯ್ಯ, ಇಷ್ಟು ನೀರು ಹಾಕಿದರೆ ಸತ್ತೇಹೋಗತ್ತೆ!”

ಗುರುಬಸವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಅಷ್ಟೂ ತಿಳಿಯಾಂಗಿಲ್ಲೇನ್ರೀ ನಮಗ? ಇಷ್ಟು ದಿನ ಉಪಾಸ ಇದ್ದ ಜೀವಕ್ಕ ಒಮ್ಮೆಲೇ ಹೊಟ್ಟಿ ತುಂಬಸ್ತಾರೇನು?” ಎಂದವಳೇ ಬೆರಳದ್ದಿ, ಒಂದೇ ಒಂದು ಹನಿ ಬುಡಕ್ಕೆ ಬಿಟ್ಟಳು. ಆಮೇಲೆ ತಂಬಿಗೆಯನ್ನು ಭಾರ್ಗವಿಯ ಕೈಗಿತ್ತಳು.

“ಪಾನಕ ಐತಿ, ಕುಡೀರಿ. ಕಳ್ಳಿ ಸಂಗಾಟ ನೀವೂ ಒಣಗೀರಿ.”

ಭಾರ್ಗವಿ ನಗುತ್ತ, ಅಳುತ್ತ, ಗಟಗಟನೆ ಕುಡಿದಳು.