ತಾಮ್ರದ ಅಚ್ಚಿನಲ್ಲಿ ಅವಳ ಹೃದಯ

"ಇದು ಯಾರ ಹೃದಯ? ಹೇಳಿ ಮಸ್, ಯಾರದು?"

ವೆನಿಂಗ್ ಹೃದಯದ ಚಿತ್ರವಿದ್ದ ಬಟ್ಟೆಯ ತುಂಡನ್ನು ಅವನ ಮುಂದೆ ಎಸೆದಳು. ಬಟ್ಟೆಗೆ ಒತ್ತುವ ಅಚ್ಚಿಗಾಗಿ ತಾಮ್ರದ ಪಟ್ಟಿ ಬಗ್ಗಿಸುತ್ತಿದ್ದ ಸತ್ರಿಯೊ ತಲೆಯೆತ್ತಿದ. ಅವಳ ಕಣ್ಣುಗಳು ಕೆಂಡವಾಗಿದ್ದವು.

"ಕೂತ್ಕೋ ದಿಕ್... ಸ್ವಲ್ಪ ನೀರು ಕುಡಿ..." ಅವಳು ಅವನನ್ನು ಗೌರವದಿಂದ 'ಮಸ್' ಎನ್ನುವುದು, ಅವನು ಅವಳನ್ನು ಮುದ್ದಿನಿಂದ 'ದಿಕ್' ಎನ್ನುವುದು ರೂಢಿ.

"ನನಗೆ ನೀರು ಬೇಡ, ಉತ್ತರ ಬೇಕು!"

ಅವನು ತಲೆ ತಗ್ಗಿಸಿದ. ಅಷ್ಟೇ ಸಾಕಾಯಿತು ಅವಳಿಗೆ. ಅಯ್ಯೋ, ಇವನೇ... ಮೂರು ವರ್ಷ ಪ್ರೀತಿಸಿದ ಇವನೇ!

ಜೋಗ್ಯಾ ಊರಿಗೆ ಬರುವ ಪ್ರವಾಸಿಗರಿಗೆ ಬಾಟಿಕ್, ಅಂದರೆ ಮೇಣದಲ್ಲಿ ಚಿತ್ರ ಬರೆದು ಬಟ್ಟೆಗೆ ಬಣ್ಣ ಕಟ್ಟುವ ಕಲೆ, ಕಲಿಸಿ ಬದುಕುವವಳು ವೆನಿಂಗ್. ಹೊಸಬರು ಯಾರೇ ಬರಲಿ, ಅವರಿಗೆ ಮೊದಲ ಪಾಠ ಹೃದಯ. ಪೆನ್ಸಿಲ್ಲಿನಲ್ಲಿ ಒಂದು ವಿ ಅಕ್ಷರ, ಅದರ ನೆತ್ತಿಯ ಮೇಲೆ ಎರಡು ಗುಡ್ಡ. ಆಮೇಲೆ ಬಿಸಿ ಮೇಣ ತುಂಬಿದ ಚಾಂಟಿಂಗ್ ಎಂಬ ಲೇಖನಿ ಹಿಡಿದು ಅದೇ ಗೆರೆಯ ಮೇಲೆ ಸಾಗಬೇಕು. ನಡುವೆ ಅನುಮಾನಿಸಿ ನಿಂತಿರೋ, ಮೇಣ ತೊಟ್ಟಿಕ್ಕಿ ಬಟ್ಟೆ ಕೆಟ್ಟಿತು! "ಸೊಟ್ಟಗಾದ್ರೂ ಪರವಾಗಿಲ್ಲ, ನಿಲ್ಲಬೇಡಿ" ಎಂದು ನಗಿಸುತ್ತಲೇ ಕಲಿಸುತ್ತಿದ್ದಳು. ಅವಳು ಬರೆದ ಹೃದಯದಲ್ಲಿ ಎಡಗುಡ್ಡ ಯಾವಾಗಲೂ ಕೂದಲೆಳೆಯಷ್ಟು ದಪ್ಪ. ಅದು ಅವಳ ಕೈಗುಣ.

ಮೂರು ವಾರಗಳಿಂದ ಅವಳ ಪಾಠದ ಚಾಪೆ ಖಾಲಿ. ಜನ ಎಲ್ಲಿ ಹೋದರು ಎಂದು ಹುಡುಕಿಕೊಂಡು ಈ ಬೆಳಿಗ್ಗೆ ಮೂಲೆಯ ದೊಡ್ಡ ಅಂಗಡಿಗೆ ಹೋಗಿದ್ದಳು. ಅಲ್ಲಿ ಬರೆಯುವ ಗೋಜೇ ಇಲ್ಲ! ತಾಮ್ರದ ಅಚ್ಚನ್ನು ಮೇಣಕ್ಕೆ ಅದ್ದಿ ಬಟ್ಟೆಗೆ ಒತ್ತಿದರೆ ಮುಗಿಯಿತು. ಒತ್ತಿದ್ದು ಅವಳದೇ ಹೃದಯ. ಅದೇ ದಪ್ಪ ಎಡಗುಡ್ಡ!

"ಬಾಯಿಗೆ ಏನು ಬೀಗ ಹಾಕ್ಕೊಂಡಿದ್ದೀರಾ?" ವೆನಿಂಗ್ ಅವನ ಕೈಯಿಂದ ತಾಮ್ರದ ಪಟ್ಟಿ ಕಿತ್ತುಕೊಂಡಳು. "ಕೈಯಲ್ಲಿ ಬರೆಯೋದೊಂದೇ ನನಗೆ ಗೊತ್ತಿರೋದು. ಅದನ್ನೇ ಅಚ್ಚು ಹಾಕಿ ಮಾರಿಬಿಟ್ಯಲ್ಲೋ!"

ಸಿಟ್ಟಿನಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. ಅದು ಇಬ್ಬರಿಗೂ ತಿಳಿಯಿತು.

"ಮಾರಲಿಲ್ಲ ದಿಕ್. ನಮ್ಮ ಮದುವೆ ಬಟ್ಟೆಯ ಅಂಚಿಗೆ ಅಂತ ಮಾಡಿದ್ದೆ... ನಿನಗೆ ಹೇಳದೇ. ಪಾಕ್ ಸೂರೊ ನೋಡಿಬಿಟ್ರು. 'ಚೆನ್ನಾಗಿದೆ ಕಣೋ, ಮೂಲೆ ಅಂಗಡಿಯವನಿಗೆ ಕೊಡಲಾ?' ಅಂದ್ರು."

"ನೀನೇನಂದೆ?"

"...ಹೂಂ ಅಂದೆ."

ಎಲ್ಲರೂ 'ಪಾಕ್', ಅಂದರೆ ಅಪ್ಪ, ಎಂದು ಕರೆಯುವ ಸೂರೊ ಅವನ ಗುರು, ಈ ಅಚ್ಚುಮನೆಯ ಯಜಮಾನರು. ಹದಿನಾಲ್ಕು ವರ್ಷಗಳಿಂದ ಅವರಿಗೆ ಸತ್ರಿಯೊ ಒಮ್ಮೆಯೂ ಇಲ್ಲ ಎಂದವನಲ್ಲ. ಹಿರಿಯರು ಕೇಳಿದರೆ ಮನಸ್ಸು ಬೇಡವೆಂದರೂ ಬಾಯಿ ಹೂಂ ಅನ್ನಬೇಕು. ಅದೇ ಅಲ್ಲಿನ ಮರ್ಯಾದೆ. ಆ ಮರ್ಯಾದೆಗೆ ಬೆಂಕಿ ಬೀಳಲಿ, ಅಂದುಕೊಂಡಳು ವೆನಿಂಗ್.

"ಮೂರು ವಾರ ನನ್ನ ಮನೆಗೆ ಬಂದು ಊಟ ಮಾಡಿದೆ. ಯಾರೂ ಬರ್ತಿಲ್ಲ ಅಂತ ನಾನು ಅತ್ತರೆ ಬೆನ್ನು ಸವರಿದೆ. ಎಲ್ಲಾ ಗೊತ್ತಿದ್ದೂ ಸುಮ್ಮನಿದ್ಯಲ್ಲ! ಅವರು ಕೇಳಿದ್ದನ್ನ ಕೊಟ್ಟೆ, ಸರಿ. ನನಗೆ ಯಾಕೆ ಹೇಳಲಿಲ್ಲ?"

"ನೀನು ಹೋಗಿಬಿಡ್ತೀಯ ಅಂತ ಹೆದರಿಕೆ..."

"ಈಗ ಹೋಗ್ತಿದ್ದೀನಿ ನೋಡು!"

ಅವಳು ಹೊಸ್ತಿಲು ದಾಟುವಷ್ಟರಲ್ಲಿ ಹಿಂದಿನಿಂದ ಪೀಠ ಉರುಳಿದ ಸದ್ದು ಕೇಳಿತು. ಅವಳನ್ನು ದಾಟಿ ಓಡಿದ ಸತ್ರಿಯೊ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ ಗುರುವಿನ ಮುಂದೆ ನಿಂತಿದ್ದ.

"ಪಾಕ್... ಆ ಅಚ್ಚು ಕೊಡಬಾರದಿತ್ತು. ಅದು ವೆನಿಂಗ್ ಕೈಬರಹ. ನನಗೆ ಇಷ್ಟ ಇರಲಿಲ್ಲ. ವಾಪಸ್ ಬೇಕು."

ಮುದುಕರು ಲೋಟ ಕೆಳಗಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದರು. ವೆನಿಂಗ್ ಹೊಸ್ತಿಲಲ್ಲೇ ನಿಂತುಬಿಟ್ಟಳು. ಇವರು ಮುನಿದರೆ ಅವನ ಕೆಲಸ ಹೋದಂತೆಯೇ.

"ಬೇಡ ಅಂತ ಅವತ್ತೇ ಬೊಗಳೋಕೇನಾಗಿತ್ತೋ ದಡ್ಡ? ನನಗೇನು ಕನಸು ಬೀಳುತ್ತಾ!" ಎಂದವರೇ ಅಂಗಡಿಯವನಿಗೆ ಫೋನು ಮಾಡಿ, ಆಮೇಲೆ ವೆನಿಂಗ್ ಕಡೆ ತಿರುಗಿದರು. "ನೀನೂ ಇಲ್ಲಿ ಬಾ ಮಗಳೇ. ನಿಂದು ಅಂತ ಗೊತ್ತಿದ್ರೆ ನಾನು ಮುಟ್ತಿದ್ನಾ?"

ಮಧ್ಯಾಹ್ನದೊಳಗೆ ಅಚ್ಚು ಬಂತು. ವೆನಿಂಗ್ ಅದನ್ನು ಮುಟ್ಟಲಿಲ್ಲ. ಮನೆಗೆ ಹೋಗಿ ಖಾಲಿ ಚಾಪೆಯ ಮೇಲೆ ಕುಳಿತಳು. ಅಚ್ಚು ಬಂದರೆ ನಂಬಿಕೆಯೂ ಬರುತ್ತದೆಯೇ? ಎದೆಯೊಳಗೆ ಇನ್ನೂ ಉರಿಯುತ್ತಿತ್ತು.

ಸತ್ರಿಯೊ ಹಿಂದೆಯೇ ಬಂದ. ಎದುರಿಗೆ ಕುಳಿತು, ಚಾಂಟಿಂಗ್ ಎತ್ತಿಕೊಂಡು ಬಟ್ಟೆಯ ಮೇಲೆ ಹೃದಯ ಬರೆಯತೊಡಗಿದ. ತಾಮ್ರದಲ್ಲಿ ಪಳಗಿದ ಕೈಗೆ ಮೇಣ ಬಗ್ಗಲಿಲ್ಲ. ಮೂರು ಕಡೆ ತೊಟ್ಟಿಕ್ಕಿತು.

"ಹೃದಯನಾ ಇದು? ಬದನೆಕಾಯಿ ಥರ ಇದೆ," ಎಂದಳು, ನಗಬಾರದೆಂದುಕೊಂಡೇ.

"ನನಗೆ ಬರೋದು ಇಷ್ಟೇ. ಇಷ್ಟೆಲ್ಲ ಆದ್ಮೇಲೂ ನನ್ನ ಮದುವೆ ಆಗ್ತೀಯಾ ದಿಕ್?"

"ಹೇಗೆ ನಂಬಲಿ? ನಾಳೆ ಇನ್ನೊಂದು ಮುಚ್ಚಿಡ್ತೀರ."

"ಮುಚ್ಚಿಡಲ್ಲ. ಏನು ಬೇಕಾದ್ರೂ ಕೇಳು."

ವೆನಿಂಗ್ ಅವನತ್ತ ಬಾಗಿದಳು.

"ನಾನು ಮಾಡೋ ಹಲಸಿನಕಾಯಿ ಗುಡೆಗ್ ಪಲ್ಯ ಹೇಗಿರುತ್ತೆ?"

ಸತ್ರಿಯೊನ ಹಣೆಯಲ್ಲಿ ಬೆವರು ಮೂಡಿತು. ಅವನು ಕಣ್ಣು ಮುಚ್ಚಿ ತೆರೆದ.

"ಪಾಯಸದ ಹಾಗಿರುತ್ತೆ ದಿಕ್... ಬೆಲ್ಲ ವಿಪರೀತ. ಗಂಟಲಲ್ಲಿ ಇಳಿಯಲ್ಲ."

"ಮೂರು ವರ್ಷದಿಂದ ಎರಡೆರಡು ಸಲ ಹಾಕಿಸ್ಕೊಂಡು ತಿಂತಿದ್ರಲ್ಲ!"

"ಹೂಂ... ತಿಂದೆ."

ಅವಳು ಬಿಕ್ಕಿಬಿಕ್ಕಿ ನಕ್ಕಳು. ಅದರಲ್ಲಿ ಅಳು ಎಷ್ಟಿತ್ತೋ, ನಗು ಎಷ್ಟಿತ್ತೋ ಅವಳಿಗೇ ತಿಳಿಯದು.

"ಆಗ್ತೀನಿ," ಎಂದಳು ಕಣ್ಣೊರೆಸಿಕೊಂಡು. "ಅಡುಗೆ ಇನ್ಮೇಲೆ ನೀವೇ ಮಾಡಿ!"