ಲೀಸಿನ ಕಾರು ಮತ್ತು ನೂರಿಪ್ಪತ್ತು ಕಿಲೋಮೀಟರ್ ಕೋಪ

"ಈ ಕಾರನ್ನ ನಿನ್ನೆ ಓಡಿಸಿದ್ದು ಯಾರು?"

ಕ್ಲಿನಿಕ್ಕಿನ ಹಾಲ್‌ನಲ್ಲಿ ಕಾಯುತ್ತಿದ್ದ ರೋಗಿಗಳೆಲ್ಲ ಒಟ್ಟಿಗೆ ತಲೆಯೆತ್ತಿದರು. ಬಾಗಿಲಲ್ಲಿ ನಿಂತಿದ್ದವಳ ಮುಖ ಕೆಂಪಾಗಿತ್ತು, ಕೂದಲು ಹಣೆಗೆ ಅಂಟಿತ್ತು, ಬಿಳಿ ಕೋಟಿನ ತೋಳಿನ ಮೇಲೆ ಗಾಡಿ ಎಳೆಯುವ ಟೋಯಿಂಗ್ ಹಗ್ಗದ ಕಪ್ಪು ಗ್ರೀಸು ಮೆತ್ತಿಕೊಂಡಿತ್ತು.

ರಿಸೆಪ್ಷನ್ ಅಕ್ಕ ಕಣ್ಣಲ್ಲೇ ಎದುರಿನ ಕೋಣೆ ತೋರಿಸಿದಳು.

ಅಲ್ಲಿ ಒಬ್ಬ ಎತ್ತರದ ಯುವಕ ಹೆಡ್‌ಫೋನಿನ ವೈರುಗಳನ್ನು ಸುತ್ತಿ ಪೆಟ್ಟಿಗೆಯೊಳಗೆ ಇಡುತ್ತಿದ್ದ. ಮನೆಮನೆಗೆ, ಶಾಲೆಶಾಲೆಗೆ ಹೋಗಿ ಕಿವಿ ಪರೀಕ್ಷೆ ಮಾಡುವುದು ಅವನ ಕೆಲಸ. ಅವಳು ಫಿಸಿಯೋಥೆರಪಿಸ್ಟ್. ಕೈಕಾಲು ಬಾರದೆ ಮನೆಯಲ್ಲೇ ಇರುವವರ ಬಳಿ ಹೋಗಿ ವ್ಯಾಯಾಮ ಮಾಡಿಸುವವಳು. ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ. ಕ್ಲಿನಿಕ್ ಲೀಸಿಗೆ ತಂದಿದ್ದ ಒಂದೇ ಒಂದು ಎಲೆಕ್ಟ್ರಿಕ್ ಕಾರು ಒಂದು ದಿನ ಅವಳಿಗೆ, ಮರುದಿನ ಅವನಿಗೆ. ಹೀಗಾಗಿ ಒಂದೇ ಸೀಟಿನಲ್ಲಿ ಕೂತರೂ ಇಬ್ಬರೂ ಇದುವರೆಗೆ ಮುಖ ನೋಡಿರಲಿಲ್ಲ.

ನೋಡಿದ್ದು ಈಗ, ಅದೂ ಇಂಥ ಗಳಿಗೆಯಲ್ಲಿ.

ಅವಳು ಕಾರಿನ ಕೀ ಅವನ ಟೇಬಲ್ ಮೇಲೆ ಎಸೆದಳು. "ಬೆಳಗ್ಗೆ ನೂರಿಪ್ಪತ್ತು ಕಿಲೋಮೀಟರ್ ಹೋಗುತ್ತೆ ಅಂತ ತೋರಿಸ್ತು. ನನ್ನ ದಾರಿ ತೊಂಬತ್ತೂ ಇಲ್ಲ. ಎಲ್ಲಿ ನಿಂತಿತು ಗೊತ್ತಾ? ಮೇಲ್ಸೇತುವೆ ನಡುಮಧ್ಯೆ! ಡ್ಯಾಶ್‌ಬೋರ್ಡಲ್ಲಿ ಚಾರ್ಜ್ ಮುಗೀತಿದೆ ಅನ್ನೋ ಒಂದು ಆಮೆ ಚಿತ್ರ ಬಂತು, ಗಾಡಿ ನಿಂತೇ ಹೋಯ್ತು. ಹಿಂದಿರೋ ಲಾರಿಯವರೆಲ್ಲ ನನ್ನ ವಂಶಾನೇ ಜಾಲಾಡಿದ್ರು."

"ನಿಮಗೇನೂ ಆಗಲಿಲ್ವಲ್ಲ?" ಅಂದ ಅವನು.

"ನನ್ನ ಪೇಷಂಟಿಗೆ ಆಯ್ತು. ಬಸ್ ಓಡಿಸೋ ಹೆಂಗಸು. ಭುಜ ಹಿಡ್ಕೊಂಡು ಮನೇಲಿ ಕೂತಿದಾರೆ. ಬರೋ ವಾರ ಡಿಪೋದಲ್ಲಿ ಫಿಟ್‌ನೆಸ್ ಪರೀಕ್ಷೆ. ಕೈ ತಲೆ ಮೇಲಕ್ಕೆ ಹೋಗದಿದ್ರೆ ಸ್ಟೇರಿಂಗ್ ಬಿಡಿಸಿ ಗುಡಿಸೋ ಕೆಲಸಕ್ಕೆ ಹಾಕ್ತಾರೆ. ಇವತ್ತು ಬಾಗಿಲಲ್ಲೇ ಕಾದು ಕೂತಿದ್ರಂತೆ. ನೀವು ಈ ಕಾರಿಗೆ ಏನು ಮಾಡಿದೀರಿ?"

ಅವನು ಒಂದು ಕ್ಷಣ ಯೋಚಿಸಿದ. ಪುಣ್ಯಾತ್ಮ ಸುಮ್ಮನಿದ್ದಿದ್ದರೆ ಸಾಕಿತ್ತು.

"ನೀವು ಎ.ಸಿ. ಜೋರಾಗಿ ಹಾಕಿದ್ರಾ?"

ಮುಗಿಯಿತು ಕಥೆ. ಅವಳು ಆಡಿದ ಮಾತುಗಳನ್ನೆಲ್ಲ ಇಲ್ಲಿ ಬರೆಯುವುದು ಬೇಡ. ಅವನು ಒಂದಕ್ಕೂ ಎದುರಾಡದೆ ನಿಂತು ಕೇಳಿದ. ಬೈಸಿಕೊಳ್ಳುವವನು ಹೀಗೆ ತಣ್ಣಗೆ ನಿಂತರೆ ಬೈಯುವವಳ ಗತಿಯೇನು? ಅವಳ ಮೈಯೆಲ್ಲ ಇನ್ನಷ್ಟು ಉರಿಯಿತು.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. "ಅತ್ತಿಗೆ, ಜಗತ್ತಲ್ಲಿ ಎಂಥೆಂಥ ಜನ ಇರ್ತಾರೆ ಗೊತ್ತಾ? ಆ ಶಾಂತಮೂರ್ತಿ..."

ಅತ್ತಿಗೆ ತೊಳೆದ ಬಟ್ಟೆ ಮಡಿಸುತ್ತಾ ಕೇಳಿದಳು. ಊಟಕ್ಕೆ ಕೂತಾಗಲೂ ಕೇಳಿದಳು. ಪಾತ್ರೆ ಒರೆಸುವಾಗ ಮತ್ತೆ ಅದೇ ಸುದ್ದಿ ಬಂದಾಗ ಅವಳ ತಾಳ್ಮೆ ಮುಗಿಯಿತು.

"ಬೈಯೋದಕ್ಕೆ ಅವನ ಅಂಗಿಯ ಬಣ್ಣ ಯಾಕಮ್ಮ ಬೇಕು?"

"ಯಾವ ಅಂಗಿ?"

"ಆಕಾಶನೀಲಿ. ನೀನೇ ಆಗಲೇ ಎರಡು ಸಲ ಹೇಳಿದೆ."

ಅವಳು ಒದ್ದೆ ಬಟ್ಟೆಯನ್ನು ಸಿಂಕಿಗೆ ಬಿಸಾಕಿ ಎದ್ದುಹೋದಳು. ಅಲ್ಲ, ಕೋಪಕ್ಕೂ ಅಂಗಿಗೂ ಏನು ಸಂಬಂಧ?

ಮರುದಿನ ಕಾರಿನ ಸರದಿ ಅವನದು. ಆದರೆ ರಿಸೆಪ್ಷನ್ ಅಕ್ಕ ಕೀಯನ್ನು ಅವಳ ಮುಂದೆ ನೂಕಿದಳು. "ಇವತ್ತೂ ನೀವೇ ತಗೊಳ್ಳಬೇಕಂತೆ. ನಾಳೆನೂ. ಅವರಿಗೆ ಬೇಡವಂತೆ."

ಓಹೋ, ಸಿಟ್ಟು ಮಾಡ್ಕೊಂಡು ಮೂಲೆ ಸೇರಿದಾನೆ! ಅವನ ಪೇಷಂಟುಗಳ ಪಾಡೇನು? ಹೊಣೆಗೇಡಿ ಮನುಷ್ಯ, ಎಂದುಕೊಂಡು ಅವಳು ಕಾರು ಹತ್ತಿದಳು.

ಅಂದಿನಿಂದ ಅವಳ ತಪಸ್ಸು ಶುರುವಾಯಿತು. ಎ.ಸಿ. ಬಂದ್. ಧೂಳಿಗೆ ಕಿಟಕಿಯೂ ಬಂದ್. ಹಾಡೂ ಬಂದ್. ಪೇಷಂಟುಗಳ ಮನೆ ತಲುಪುವಷ್ಟರಲ್ಲಿ ಅವಳಿಗೇ ಯಾರಾದರೂ ಬೀಸಣಿಗೆ ಬೀಸಬೇಕಾದ ಸ್ಥಿತಿ. ಅದೇ ಸಿಟ್ಟಿನಲ್ಲಿ ಸಿಗ್ನಲ್ ಹಸಿರಾದೊಡನೆ ಕಾಲು ಒತ್ತುವಳು, ಮುಂದಿನ ಸಿಗ್ನಲ್ಲಿನಲ್ಲಿ ಗಕ್ಕನೆ ಬ್ರೇಕು ಹಾಕುವಳು. ಬಸ್ ಡ್ರೈವರಮ್ಮನ ಮನೆಗೆ ಹೇಗೋ ದಿನವೂ ಮುಟ್ಟುತ್ತಿದ್ದಳು. ವಾಪಸು ಬರುವಾಗ ಮಾತ್ರ ಉಗುಳು ನುಂಗಿಕೊಂಡು, ಆ ಆಮೆ ಮತ್ತೆ ಮುಖ ತೋರಿಸೀತೇ ಎಂದು ನೋಡುತ್ತಾ ಬರಬೇಕಿತ್ತು.

ವಿಚಿತ್ರವೆಂದರೆ, ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದರೂ ಬೆಳಗ್ಗೆ ಕಾಣುವ ಸಂಖ್ಯೆ ದಿನದಿನಕ್ಕೂ ಇಳಿಯುತ್ತಿತ್ತು. ನೂರಿಪ್ಪತ್ತು ಇದ್ದದ್ದು ನೂರಹತ್ತಾಯಿತು, ಆಮೇಲೆ ನೂರಾಯಿತು. ಕೊನೆಗೆ ತೊಂಬತ್ತೆರಡು!

"ಬ್ಯಾಟರೀನೇ ಹಾಳು ಮಾಡಿ ನನ್ನ ತಲೆಗೆ ಕಟ್ಟಿದಾನೆ," ಎಂದು ಹಲ್ಲು ಕಡಿಯುತ್ತಾ ಅವಳು ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿದಳು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಆಕೆ ಎಲ್ಲ ಕೇಳಿದರು, ನೋಡೋಣ ಅಂದರು. ಅಲ್ಲಿಂದ ಬಂದವಳೇ ಕಾರು ಲೀಸಿಗೆ ಕೊಟ್ಟವರಿಗೆ ಫೋನು ಹಚ್ಚಿದಳು. ಮಧ್ಯಾಹ್ನ ಕಂಪನಿಯ ಮೆಕ್ಯಾನಿಕ್ ಬಂದು, ಕಾರಿಗೆ ವೈರು ಸಿಕ್ಕಿಸಿ ನೋಡಿ ಹೋದ. ಸಂಜೆ ಅವಳು ಊರ ಮಧ್ಯದ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಆ ಮೆಕ್ಯಾನಿಕ್‌ನ ಫೋನು ಬಂತು.

"ಮೇಡಂ, ಬ್ಯಾಟರಿ ಚೆನ್ನಾಗಿದೆ. ಹೊಸದರ ಹಾಗೇ ಇದೆ."

"ಮತ್ತೆ ಆ ಸಂಖ್ಯೆ ಯಾಕೆ ಇಳೀತಿದೆ?"

"ಅದು ಬ್ಯಾಟರಿ ಅಳೆದು ಹೇಳೋ ಲೆಕ್ಕ ಮಾತ್ರ ಅಲ್ಲ ಮೇಡಂ. ಇತ್ತೀಚೆಗೆ ಓಡಿಸಿದವರು ಹೇಗೆ ಓಡಿಸಿದ್ರೋ, ಇನ್ಮುಂದೆನೂ ಹಾಗೇ ಓಡಿಸ್ತಾರೆ ಅಂದ್ಕೊಂಡು ಕಾರು ಅಂದಾಜು ಮಾಡುತ್ತೆ. ಮೆತ್ತಗೆ ಓಡಿಸಿದ್ರೆ ಜಾಸ್ತಿ ತೋರಿಸುತ್ತೆ. ನುಗ್ಗಿಸಿದ್ರೆ ಕಮ್ಮಿ."

"ನಾನ್ಯಾಕೆ ನುಗ್ಗಿಸಲಿ..." ಎನ್ನುತ್ತಿದ್ದಂತೆ ಪಕ್ಕದಲ್ಲಿ ಒಂದು ಬಸ್ಸು ಬಂದು ನಿಂತಿತು. ಒಳಗೆ ಕಾಲಿಡಲೂ ಜಾಗವಿಲ್ಲ. ಕಿಟಕಿಯ ಬಳಿ ಒಬ್ಬ ಎತ್ತರದವನು ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಆ ಭಾರದ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು, ಬೆವರುತ್ತಾ ನಿಂತಿದ್ದ.

ಅವಳು ಫೋನನ್ನು ಕಿವಿಯಿಂದ ಇಳಿಸಿದಳು.

ಇವನು ಮೂಲೆ ಸೇರಿರಲಿಲ್ಲ. ಒಂದು ಪೇಷಂಟನ್ನೂ ಬಿಟ್ಟಿರಲಿಲ್ಲ. ಬಸ್ ಡ್ರೈವರಮ್ಮನ ಮನೆಗೆ ಹೋಗಲು ಅವಳಿಗೆ ದಿನವೂ ಕಾರು ಸಿಗಲಿ ಅಂತ ಇವನು ಬಸ್ಸಿನಲ್ಲಿ ನೇತಾಡುತ್ತಿದ್ದಾನೆ. ಮತ್ತೆ ಆ ನೂರಿಪ್ಪತ್ತು? ಅದು ಹಿಂದಿನ ದಿನ ಇವನು ಮೆತ್ತಗೆ ಓಡಿಸಿದ್ದರ ಲೆಕ್ಕ. ಈಗ ಇಳಿಯುತ್ತಿರುವ ಲೆಕ್ಕ ಪೂರ್ತಿ ಅವಳದೇ.

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನು ಹೊಡೆದರು. ಅವಳು ಬೆಪ್ಪಾಗಿ ಕೂತೇ ಇದ್ದಳು.

ಮರುದಿನ ಬೆಳಗ್ಗೆ ಅವಳು ದೊಡ್ಡ ಡಾಕ್ಟರ ಮುಂದೆ ತಲೆ ತಗ್ಗಿಸಿ ನಿಂತಳು. "ಮೇಡಂ, ನನ್ನ ದೂರು ವಾಪಸ್ ತಗೋತೀನಿ. ತಪ್ಪೆಲ್ಲ ನಂದೇ."

"ನಿಮ್ಮ ದೂರಿಗೂ ಮೊದಲೇ ಅವರು ಬಂದಿದ್ದರಮ್ಮ," ಅಂದರು ಡಾಕ್ಟರು. "ಲೀಸು ಮುಗಿಯೋವರೆಗೆ ಇನ್ನೊಂದು ಕಾರು ಸಿಗಲ್ಲ. ಅದಕ್ಕೇ ನನ್ನನ್ನ ಊರಿನ ಆಚೆ ತುದಿಯ ನಮ್ಮ ಬ್ರಾಂಚಿಗೆ ಹಾಕಿಬಿಡಿ, ಕೋಣೆಯೊಳಗೇ ಕೂತು ಪರೀಕ್ಷೆ ಮಾಡ್ತೀನಿ, ಕಾರು ಅವರಿಗೇ ಇರಲಿ ಅಂತ ಕೇಳ್ಕೊಂಡ್ರು. ಸೋಮವಾರದಿಂದ ಹೋಗ್ತಾರೆ."

"ಮತ್ತೆ ಶಾಲೆ ಮಕ್ಕಳು? ಮನೆಯಿಂದ ಏಳಕ್ಕಾಗದ ಮುದುಕರು?"

"ಅದನ್ನ ಅವರನ್ನೇ ಕೇಳಿ."

ಕೇಳದೆ ಬಿಡುತ್ತಾಳೆಯೇ? ಪಶ್ಚಾತ್ತಾಪವೆಲ್ಲ ಮೆಟ್ಟಿಲಿಳಿಯುವಷ್ಟರಲ್ಲಿ ಮತ್ತೆ ಕೋಪವಾಗಿತ್ತು. ಯಾರು ಕೇಳಿದ್ರು ಇವನನ್ನ ತ್ಯಾಗ ಮಾಡು ಅಂತ? ಒಂದು ಮಾತು ಹೇಳಬಾರದಿತ್ತಾ? ನಾನೇನು ರಾಕ್ಷಸಿನಾ?

ಅವನು ಕ್ಲಿನಿಕ್ಕಿನ ಎದುರಿನ ಬಸ್ ಸ್ಟಾಪಿನಲ್ಲಿ ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ನಿಂತಿದ್ದ. ಅವಳು ಕಾರನ್ನು ಸರಕ್ಕನೆ ತಂದು ಅವನ ಮುಂದೆ ನಿಲ್ಲಿಸಿದಳು.

"ಹತ್ತಿ."

"ನನ್ನ ಬಸ್ಸು ಬರ್ತಾ ಇದೆ."

"ಬಂದರೆ ಬರಲಿ. ಹತ್ತಿ ಅಂದೆ!"

ಬಸ್ಸು ಹಿಂದೆಯೇ ಬಂದು ಹಾರ್ನು ಹೊಡೆಯತೊಡಗಿತು. ಅವಳು ಕೆಳಗಿಳಿದು ಪೆಟ್ಟಿಗೆಯನ್ನು ಕಿತ್ತುಕೊಂಡು ಹಿಂದಿನ ಸೀಟಿಗೆ ಹಾಕಿ, ತಾನೂ ಪಕ್ಕದ ಸೀಟಿನಲ್ಲಿ ಕೂತುಬಿಟ್ಟಳು. ಡ್ರೈವರ್ ಸೀಟು ಖಾಲಿ. ಜನರೆಲ್ಲ ನೋಡುತ್ತಿದ್ದರು. ಅವನಿಗೆ ಬೇರೆ ದಾರಿ ಇರಲಿಲ್ಲ.

ಅವನು ಡ್ರೈವರ್ ಸೀಟಿಗೆ ಹತ್ತಿ ಗಾಡಿ ಹೊರಡಿಸಿದ. ಅವಳು ಕಣ್ಣು ಪಿಳುಕಿಸದೆ ಡ್ಯಾಶ್‌ಬೋರ್ಡ್ ನೋಡುತ್ತಾ ಕೂತಳು. ಅವನು ದೂರದಲ್ಲಿ ಕೆಂಪು ದೀಪ ಕಂಡ ಕೂಡಲೇ ಕಾಲು ತೆಗೆಯುತ್ತಿದ್ದ, ಗಾಡಿ ತಾನಾಗಿ ನಿಧಾನವಾಗುತ್ತಿತ್ತು. ಇಳಿಜಾರಿನಲ್ಲಿ ಸಂಖ್ಯೆ ಇಳಿಯುವ ಬದಲು ಏರಿತು. ಎ.ಸಿ. ಬೇರೆ ಹಾಯಾಗಿ ಓಡುತ್ತಿತ್ತು.

"ಎ.ಸಿ. ಹಾಕಿದೀರಿ," ಅಂದಳು ಸಿಡುಕಿನಿಂದ.

"ಅದು ಅಷ್ಟೇನೂ ತಿನ್ನಲ್ಲ."

"ಮತ್ತೆ ಆವತ್ತು ಅದನ್ನೇ ಕೇಳಿದ್ರಿ!"

"ಆವತ್ತು ನನಗೂ ಗೊತ್ತಿರಲಿಲ್ಲ. ಆಮೇಲೆ ಕೂತು ಓದಿ ತಿಳ್ಕೊಂಡೆ."

"ತಿಳಿದ ಮೇಲೆ ಹೇಳಬೇಕು ತಾನೇ?"

"ನಿಮ್ಮ ಡ್ರೈವಿಂಗೇ ಕಾರಣ ಅಂತ ಹೇಳಬೇಕಿತ್ತು. ಅದೂ ನಿಮಗೆ," ಎಂದು ಅವನು ಮೆಲ್ಲಗೆ ನಕ್ಕ. "ಜೀವದ ಮೇಲೆ ಆಸೆ ಇತ್ತು."

ಅವಳಿಗೆ ನಗು ಬಂತು. ತುಟಿ ಕಚ್ಚಿ ತಡೆದಳು. ನಕ್ಕರೆ ಸೋತಂತೆ.

ದಾರಿಯಲ್ಲಿ ಅವನ ಶಾಲೆ ಸಿಕ್ಕಿತು. ಅವನು ಮಕ್ಕಳ ಕಿವಿ ಪರೀಕ್ಷೆ ಮುಗಿಸುವಷ್ಟರಲ್ಲಿ ಅವಳು ಅದೇ ಬೀದಿಯ ತನ್ನ ಪೇಷಂಟಿಗೆ ಮೊಣಕಾಲಿನ ವ್ಯಾಯಾಮ ಮಾಡಿಸಿ ಬಂದಳು. ಕೊನೆಗೆ ಬಸ್ ಡ್ರೈವರಮ್ಮನ ಮನೆ. ಆಕೆ ಬಾಗಿಲ ಚೌಕಟ್ಟಿಗೆ ಮುಖ ಮಾಡಿ ನಿಂತು, ಅದರ ಮೇಲೆ ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ಹತ್ತಿಸಿದಳು. ಹಣೆಯ ಮಟ್ಟ ದಾಟಿತು. ನೆತ್ತಿ ದಾಟಿತು. ಹಲ್ಲು ಕಚ್ಚಿ ಇನ್ನೂ ಒಂದು ಗೇಣು ದೂಡಿದಳು... ಅಂಗೈ ಚೌಕಟ್ಟಿನ ಮೇಲಂಚಿಗೆ ತಾಗಿತು.

"ನಾಳೆ ಡಿಪೋದಲ್ಲಿ ಇಷ್ಟು ಎತ್ತಿದ್ರೆ ಸಾಕಾ ಮೇಡಂ?"

"ಸಾಕಮ್ಮ, ಧಾರಾಳವಾಯ್ತು." ಅವಳ ಕಣ್ಣು ತುಂಬಿತು.

ಬಾಗಿಲಾಚೆ ನಿಂತಿದ್ದ ಅವನ ಕಣ್ಣೂ ಒದ್ದೆಯಾಗಿತ್ತು. ಅದನ್ನು ಅವಳು ನೋಡಿದಳು. ಇಷ್ಟು ದಿನ ಕಟ್ಟಿಕೊಂಡಿದ್ದ ಕೋಪ ಒಳಗೆಲ್ಲೋ ಸಡಿಲವಾಯಿತು.

ವಾಪಸು ಹೊರಟಾಗ ಬ್ಯಾಟರಿಯಲ್ಲಿ ಬೇಕಾದಷ್ಟು ಉಳಿದಿತ್ತು. ಇಬ್ಬರ ಕೆಲಸವೂ ಮುಗಿದಿತ್ತು, ಅದೂ ಒಂದೇ ಸುತ್ತಿನಲ್ಲಿ. ಇಷ್ಟು ಸರಳವಾದ ದಾರಿ ಯಾರಿಗೂ ಹೊಳೆದಿರಲಿಲ್ಲವೇ? ಹೊಳೆಯಲು ಮೊದಲು ಇಬ್ಬರೂ ಕೂತು ಮಾತಾಡಬೇಕಿತ್ತಲ್ಲ.

"ಸೋಮವಾರ ಹೋಗ್ತೀರಾ?" ಕಿಟಕಿಯಾಚೆ ನೋಡುತ್ತಾ ಕೇಳಿದಳು.

"ಹೋಗಬೇಕು. ಒಪ್ಪಿಕೊಂಡಿದೀನಿ."

"ನನ್ನ ಕೇಳದೆ ಯಾಕೆ ಒಪ್ಪಿಕೊಂಡ್ರಿ? ನಿಮಗೆ ಬಸ್ಸಲ್ಲಿ ನೇತಾಡೋ ಚಟ. ನಿನ್ನೆ ಅದನ್ನ ನೋಡಿ ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಎಲ್ಲರೆದುರು ಬೈದೆ, ಒಂದು ಮಾತು ತಿರುಗಿ ಬೈಯಲಿಲ್ಲ. ಯಾಕೆ? ಯಾಕೆ ಸುಮ್ಮನಿದ್ರಿ? ಹೇಳಿ, ಇವತ್ತಾದರೂ ಬಾಯಿ ಬಿಟ್ಟು ಹೇಳಿ."

ಅವನು ಕಾರನ್ನು ರಸ್ತೆ ಬದಿಗೆ ತೆಗೆದು ನಿಲ್ಲಿಸಿದ.

"ಮೇಲ್ಸೇತುವೆ ಮೇಲೆ ನಿಂತು ಅಷ್ಟು ಜನರ ಹತ್ರ ಬೈಸಿಕೊಂಡು ಬಂದಿದ್ರಿ. ಆದರೂ ನಿಮ್ಮ ಬಾಯಲ್ಲಿ ಬಂದದ್ದು ಆಕೆಯ ಭುಜದ ಮಾತು. ನಿಮ್ಮ ಅವಮಾನಕ್ಕಿಂತ ಆಕೆ ಕಾದು ಕೂತದ್ದೇ ನಿಮಗೆ ಹೆಚ್ಚು ನೋಯ್ತಿತ್ತು. ಅದನ್ನ ಕೇಳ್ತಾ ನಿಂತೆ. ಬಿಟ್ಟು ಹೋಗೋಕೆ ಮನಸ್ಸಾಗಲಿಲ್ಲ. ಈಗಲೂ ಇಲ್ಲ. ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳು ಏನಾದರೂ ಬೈಯೋಣವೆಂದು ಬಾಯಿ ತೆರೆದಳು. ಒಂದು ಮಾತೂ ಸಿಗಲಿಲ್ಲ. ಇಷ್ಟು ವರ್ಷದಲ್ಲಿ ಇದೇ ಮೊದಲು.

"ಇಷ್ಟ ಅನ್ನೋರು ಬ್ರಾಂಚ್ ಬದಲಾಯಿಸ್ತಾರಾ?" ಅಂದಳು ಕೊನೆಗೆ. "ಡಾಕ್ಟರಿಗೆ ಫೋನ್ ಮಾಡಿ. ಈಗಲೇ. ನನ್ನೆದುರಿಗೇ. ಹೋಗಲ್ಲ ಅಂತ ಹೇಳಿ."

"ಕಾರಣ ಕೇಳಿದ್ರೆ?"

"ಇಬ್ಬರೂ ದಿನಾ ಒಂದೇ ಕಾರಲ್ಲಿ ಹೋಗ್ತೀವಿ ಅನ್ನಿ. ನೀವು ಓಡಿಸ್ತೀರಿ."

"ನೀವು?"

"ಪಕ್ಕದಲ್ಲಿ ಕೂತು ಬೈತಾ ಇರ್ತೀನಿ."

"ಲೀಸು ಮುಗಿಯೋವರೆಗಾ?"

ಅವಳು ಅವನ ಕಡೆ ತಿರುಗಿದಳು. ಕಣ್ಣೀರು ಕೆನ್ನೆಗೆ ಇಳಿದಿತ್ತು, ಮೂಗಿನ ತುದಿ ಮಾತ್ರ ಇನ್ನೂ ಕೆಂಪಗಿತ್ತು.

"ಲೀಸಿನ ಮಾತು ಕಾರಿಗೆ ಕಣೋ. ನನಗಲ್ಲ."

ಅವನು ಫೋನು ತೆಗೆಯಲು ಕೈ ಚಾಚಿದ. ಅವಳು ಆ ಕೈ ಹಿಡಿದುಕೊಂಡಳು.

"ಕೈ ಬಿಟ್ರೆ ತಾನೇ ಫೋನ್ ಮಾಡೋದು?" ಅಂದ.

"ಇನ್ನೊಂದು ಕೈ ಇದೆಯಲ್ಲ. ಅದರಲ್ಲಿ ಮಾಡು."